ಮದ್ದಳೆಗೂ ರೇಟ್ ಕಾರ್ಡ್ ಬೇಕಾ? ಹವ್ಯಾಸಕ್ಕೆ ದರ ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ಸಾಗರ: ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಶಟರ್ ರಾತ್ರಿ ಎಂಟೂವರೆಗೆ ಮುಕ್ಕಾಲು ಇಳಿಯುತ್ತದೆ. ಲೈಟ್ ಮಾತ್ರ ಆರುವುದಿಲ್ಲ. ಒಳಗೆ ಪಿವಿಸಿ ಪೈಪು, ಪೇಂಟ್ ಡಬ್ಬ, ಮೊಳೆ ಪೊಟ್ಟಣಗಳ ಮಧ್ಯೆ ಜಮಖಾನ ಹಾಸಿ ಮಾಲೀಕರು ಮದ್ದಳೆಯ ಗವಸು ಬಿಚ್ಚುತ್ತಾರೆ. ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ. ಆಮೇಲೆ ಮನೆಗೆ. ಮಳೆಗಾಲದ ಶನಿವಾರ ಎಲ್ಲಾದರೂ ತಾಳಮದ್ದಳೆ ಇದ್ದರೆ ಅವತ್ತು ಅಂಗಡಿ ಏಳಕ್ಕೇ ಬಂದ್. ಸಿಮೆಂಟ್ ಬೇಕು ಅಂತ ಬಂದವರಿಗೆ, "ನಾಳೆ ಬನ್ನಿ ಮಾರಾಯ್ರೇ, ಇವತ್ತು ಕರ್ಣಪರ್ವ" ಅನ್ನುವ ಉತ್ತರ.

ಇವರಿಗೆ ವಯಸ್ಸು ಐವತ್ತು ದಾಟಿದೆ. ಹುಡುಗರಾಗಿದ್ದಾಗ ಸೋದರಮಾವನ ಹತ್ತಿರ ಕಲಿತದ್ದು. ಇವರ ಮದ್ದಳೆ ಕೇಳಿದ ಹತ್ತರಲ್ಲಿ ಎಂಟು ಜನ ಕೇಳುವ ಮುಂದಿನ ಪ್ರಶ್ನೆ ಒಂದೇ: "ಇದ್ರಿಂದ ಎಷ್ಟು ಬರುತ್ತೆ?" ಬೆಂಗಳೂರಿನಲ್ಲಿರುವ ಮಗ ಯೂಟ್ಯೂಬ್ ಚಾನೆಲ್ ಮಾಡು ಅಂತಾನೆ. ಪಕ್ಕದ ಬಟ್ಟೆ ಅಂಗಡಿಯವರು ಭಾನುವಾರ ಕ್ಲಾಸ್ ಶುರು ಮಾಡಿ, ತಲೆಗೆ ಐನೂರು ಅಂದ್ರೂ ಹತ್ತು ಮಕ್ಕಳಿಗೆ ಐದು ಸಾವಿರ ಆಯ್ತಲ್ಲ ಅಂತಾರೆ.

ಅವರು ಒಮ್ಮೆ ಇದನ್ನು ಮಾಡಿ ನೋಡಿದವರೇ. ನಾಲ್ಕು ವರ್ಷದ ಹಿಂದೆ ಮದುವೆ, ಗೃಹಪ್ರವೇಶ, ರೆಸಾರ್ಟ್ ಕಾರ್ಯಕ್ರಮಗಳಿಗೆ ಹೋಗಲು ಒಪ್ಪಿಕೊಂಡರು. ದರ ನಿಗದಿಯಾಯಿತು. ಎರಡು ಸೀಸನ್ ನಡೆಯಿತು, ಮೂರನೆಯ ವರ್ಷ ನಿಲ್ಲಿಸಿದರು. ಯಾಕೆ ಅಂತ ಕೇಳಲು ಹೋದಾಗ ಅವರು ಹಾಕಿದ ಮೊದಲ ಷರತ್ತು, "ಹೆಸರು ಹಾಕಬೇಡಿ, ಮತ್ತೆ ಬುಕಿಂಗಿಗೆ ಫೋನ್ ಬರ್ತದೆ."

ಮೊದಲ ವರ್ಷ ಖುಷಿಯೇ ಇತ್ತಂತೆ. ಬಂದ ದುಡ್ಡಲ್ಲಿ ಹೊಸ ಮದ್ದಳೆ ಬಂತು. ಎರಡನೆಯ ವರ್ಷದಿಂದ ಸಣ್ಣ ಸಣ್ಣ ಕಿರಿಕಿರಿ. ಕರೆದವರಿಗೆ ಬೇಕಾದದ್ದು ನಲವತ್ತು ನಿಮಿಷ, ಅದರಲ್ಲೂ ಅದೇ ಮೂರು ನಾಲ್ಕು ಹಾಡು. ಊಟದ ಪಂಕ್ತಿ ಏಳುವ ಹೊತ್ತಿಗೆ "ಸ್ವಲ್ಪ ಜೋರಾಗಿ ಬಾರಿಸಿ" ಅನ್ನುವ ಸಂಜ್ಞೆ. ತಮ್ಮ ಸಂಘದ ಕೂಟ ಇದ್ದ ದಿನವೇ ಯಾರದೋ ರಿಸೆಪ್ಶನ್. ಅಡ್ವಾನ್ಸ್ ತೆಗೆದುಕೊಂಡಾಗಿದೆ, ಹೋಗದೆ ಗತಿಯಿಲ್ಲ. ಅವರು ಹೋಗಿದ್ದು ರಿಸೆಪ್ಶನ್ನಿಗೆ. ಅವತ್ತು ಕೂಟದಲ್ಲಿ ಮದ್ದಳೆಗೆ ಪಕ್ಕದೂರಿಂದ ಬೇರೆಯವರನ್ನು ಕರೆಸಬೇಕಾಯಿತು.

"ಕೈ ನೋವು ಬಂದಿದ್ರೆ ಸಹಿಸಬಹುದಿತ್ತು. ಒಂದು ದಿನ ನೋಡ್ತೇನೆ, ಮದ್ದಳೆ ಗವಸಿನಲ್ಲೇ ಇದೆ. ಮೂರು ವಾರ ಆಗಿದೆ ಬಿಚ್ಚಿ. ಬುಕಿಂಗ್ ಇಲ್ಲದ ದಿನ ಬಾರಿಸಬೇಕು ಅಂತ ಅನ್ನಿಸ್ಲೇ ಇಲ್ಲ. ಹೆದರಿಕೆ ಆಯ್ತು ಕಣ್ರೀ."

ಅವರ ಹೆದರಿಕೆಯಲ್ಲಿ ಹುರುಳಿದೆ. ನಲವತ್ತು ವರ್ಷ ಯಾರೂ ಹೇಳದೆ ತಾನಾಗಿ ಮಾಡಿಕೊಂಡು ಬಂದ ಕೆಲಸ, ದುಡ್ಡು ಬಂದ ಎರಡೇ ವರ್ಷದಲ್ಲಿ ದುಡ್ಡಿಲ್ಲದ ದಿನ ಬೇಡ ಅನ್ನಿಸಿದ್ದು ಹೇಗೆ? ಇದು ಅವರೊಬ್ಬರ ಮನಸ್ಸಿನ ವಿಚಿತ್ರ ಅಲ್ಲ. ಇದರ ಬಗ್ಗೆ ಐವತ್ತು ವರ್ಷಕ್ಕೂ ಹಿಂದೆಯೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ.

ಸ್ಕೆಚ್ ಪೆನ್ ಹಿಡಿದ ಮಕ್ಕಳ ಕಥೆ

1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್, ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪ್ರಯೋಗ ನಡೆದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳ ಜೊತೆ. ಮೊದಲು ಅವರು ತರಗತಿಯಲ್ಲಿ ಸುಮ್ಮನೆ ಗಮನಿಸಿ, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸೋದು ಯಾರಿಗೆ ಇಷ್ಟ ಅಂತ ನೋಡಿಕೊಂಡರು. ಅಂಥ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು.

ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಹಚ್ಚಿದ ಪ್ರಶಸ್ತಿಪತ್ರ ಕೊಡ್ತೇವೆ ಅಂತ ಮೊದಲೇ ಹೇಳಿದರು, ಹೇಳಿದಂತೆ ಕೊಟ್ಟರು. ಎರಡನೆಯ ಗುಂಪಿಗೆ ಏನೂ ಹೇಳಲಿಲ್ಲ, ಬಿಡಿಸಿ ಮುಗಿದ ಮೇಲೆ ಅದೇ ಪತ್ರವನ್ನು ಅನಿರೀಕ್ಷಿತವಾಗಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ತರಗತಿಯ ಮೇಜಿನ ಮೇಲೆ ಇಟ್ಟು, ಬಿಡುವಿನ ಹೊತ್ತಿನಲ್ಲಿ ಯಾರು ಎಷ್ಟು ಹೊತ್ತು ಚಿತ್ರ ಬಿಡಿಸುತ್ತಾರೆ ಅಂತ ಗುಟ್ಟಾಗಿ ಅಳೆದರು.

ಬಹುಮಾನದ ಮಾತಿನ ಮೇಲೆ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟೇ ಹೊತ್ತು ಪೆನ್ನು ಹಿಡಿದರು. ಏನೂ ಸಿಗದ ಮಕ್ಕಳ ಆಸೆ ಹಾಗೇ ಇತ್ತು. ಅನಿರೀಕ್ಷಿತವಾಗಿ ಸಿಕ್ಕ ಮಕ್ಕಳದ್ದೂ ಕಡಿಮೆಯಾಗಿರಲಿಲ್ಲ.

ಸಿಕ್ಕ ಪತ್ರ ಒಂದೇ ಅನ್ನೋದು ಗಮನಿಸಬೇಕಾದ ಅಂಶ. ಹಾಳು ಮಾಡಿದ್ದು ಪತ್ರ ಅಲ್ಲ. "ಇದನ್ನು ಮಾಡಿದರೆ ಅದು ಸಿಗುತ್ತದೆ" ಅನ್ನುವ ಕರಾರು. ಕರಾರು ಬಂದ ಮೇಲೆ ಮಗುವಿನ ತಲೆಯಲ್ಲಿ ಕಾರಣ ಬದಲಾಯಿತು. ನಾನು ಇಷ್ಟಪಟ್ಟು ಬಿಡಿಸ್ತಿದ್ದೆ ಅನ್ನೋದು ಹೋಗಿ, ಪತ್ರಕ್ಕೋಸ್ಕರ ಬಿಡಿಸಿದೆ ಅಂತಾಯಿತು. ಪತ್ರ ಇಲ್ಲದ ದಿನ ಕಾರಣವೂ ಇಲ್ಲ.

ಈ ಪ್ರಯೋಗದ ಮೇಲೆ ಆಮೇಲೆ ಬಹಳ ಜಗಳ ನಡೆದಿದೆ. ಬಹುಮಾನದಿಂದ ಅಂಥ ಹಾನಿಯೇನೂ ಇಲ್ಲ ಅಂತ ವಾದಿಸಿದ ಸಂಶೋಧಕರೂ ಇದ್ದಾರೆ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಜೊತೆಗಾರರು ಇಂಥ 128 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಮೊದಲೇ ಹೇಳಿ ಕೊಡುವ ವಸ್ತು, ಹಣದ ರೂಪದ ಬಹುಮಾನ ಮೊದಲಿಂದ ಇದ್ದ ಆಸಕ್ತಿಯನ್ನು ತಗ್ಗಿಸುತ್ತದೆ ಅನ್ನುವುದೇ ಅವರಿಗೂ ಕಂಡದ್ದು. ಆದರೆ ಒಂದು ಮಾತು ಬಿಡಬಾರದು: ಮೊದಲೇ ಬೇಜಾರಿನ ಕೆಲಸವಾಗಿದ್ದರೆ ದುಡ್ಡು ಕೊಟ್ಟದ್ದರಿಂದ ಹಾಳಾಗುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಅಡಿಕೆ ಸುಲಿಯುವವರಿಗೆ ಕೂಲಿ ಕೊಟ್ಟರೆ ಸುಲಿಯುವ ಆನಂದ ಹೋಯ್ತು ಅಂತ ಯಾರೂ ಅಳುವುದಿಲ್ಲ!

ಶಾಲು, ತೆಂಗಿನಕಾಯಿ ಮತ್ತು ರೇಟು

ನಮ್ಮ ಕಡೆಯ ಹಿರಿಯರು ಇದನ್ನು ಪ್ರಯೋಗ ಮಾಡದೆಯೇ ತಿಳಿದಿದ್ದರೋ ಏನೋ. ಮಲೆನಾಡು, ಕರಾವಳಿಯ ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ರಂಗಸಜ್ಜಿಕೆಯ ಖರ್ಚಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ಮಾತಾಡುತ್ತಾರೆ. ಬರೆದುಕೊಂಡು ಬಂದ ಸಂಭಾಷಣೆ ಇಲ್ಲ. ಎದುರಿನ ಕೃಷ್ಣ ಏನು ಹೇಳುತ್ತಾನೋ ಅದಕ್ಕೆ ಕೌರವ ಅಲ್ಲೇ ಉತ್ತರ ಹುಡುಕಬೇಕು. ಯಕ್ಷಗಾನದ ವೃತ್ತಿ ಮೇಳಗಳ ತಿರುಗಾಟ ಮಳೆಗಾಲಕ್ಕೆ ನಿಲ್ಲುತ್ತದೆ. ಹೊರಗೆ ಹೋಗಲಾಗದ ಆ ತಿಂಗಳುಗಳಲ್ಲಿ ಮನೆಯ ಜಗುಲಿ, ದೇವಸ್ಥಾನದ ಪೌಳಿಯಲ್ಲಿ ಕೂತು ನಡೆಸುವ ಕಲೆಯಾಗಿ ಇದು ಬೆಳೆಯಿತು. ಅರ್ಥ ಹೇಳುವವರಲ್ಲಿ ಮೇಷ್ಟ್ರು, ಪುರೋಹಿತರು, ಅಡಿಕೆ ಬೆಳೆಗಾರರು, ಬ್ಯಾಂಕಿನವರು, ಅಂಗಡಿಯವರು ಎಲ್ಲರೂ ಇದ್ದಾರೆ. ಇದನ್ನೇ ನೆಚ್ಚಿ ಬದುಕಿದ ದೊಡ್ಡ ಕಲಾವಿದರೂ ಇದ್ದಾರೆ, ಅವರಿಗೆ ಸಲ್ಲಬೇಕಾದ ದುಡ್ಡು ಸಲ್ಲಲೇಬೇಕು. ಊರ ಕೂಟದಲ್ಲಿ ಕೂರುವ ಹೆಚ್ಚಿನವರು ಮಾತ್ರ ಬೇರೆ ಕೆಲಸದಿಂದ ಅನ್ನ ತಿನ್ನುವವರು.

ಕೂಟ ಮುಗಿದ ಮೇಲೆ ಅವರಿಗೆ ಸಿಗುವುದು ಒಂದು ಶಾಲು, ಹಣ್ಣುಕಾಯಿ, ಒಂದು ಲಕೋಟೆ. ಲಕೋಟೆಯಲ್ಲಿ ಎಷ್ಟಿದೆ ಅಂತ ಮೊದಲೇ ಕೇಳುವ ರೂಢಿಯಿಲ್ಲ, ಕೊಡುವವರು ಹೇಳುವುದೂ ಇಲ್ಲ. ಅದನ್ನು ಸಂಭಾವನೆ ಅಂತ ಕರೆದರು. ಸಂಭಾವಿಸುವುದು ಅಂದರೆ ಗೌರವಿಸುವುದು. ಈಗ ಸಿನಿಮಾ ನಟರ ಕೋಟಿಗಳಿಗೂ ಅದೇ ಪದ ಬಳಕೆಯಾಗುತ್ತಿದೆ, ಅದು ಬೇರೆ ಮಾತು. ಸ್ಟ್ಯಾನ್‌ಫರ್ಡಿನ ಎರಡನೆಯ ಗುಂಪಿನ ಮಕ್ಕಳಿಗೆ ಸಿಕ್ಕಿದ್ದೂ ಇಂಥದ್ದೇ. ಕರಾರಿಲ್ಲದೆ, ಮುಗಿದ ಮೇಲೆ ಸಿಕ್ಕ ಮರ್ಯಾದೆ.

ಹಾರ್ಡ್‌ವೇರ್ ಅಂಗಡಿಯವರು ದರ ಹೇಳಲು ಶುರು ಮಾಡಿದ ದಿನ ಲಕೋಟೆಯ ದುಡ್ಡು ಹೆಚ್ಚಾಯಿತು. ಜೊತೆಗೆ ಮದ್ದಳೆ ಬಾರಿಸುವ ಹೊತ್ತು ಯಾರದ್ದು ಅನ್ನುವುದೂ ಬದಲಾಯಿತು. ದುಡ್ಡು ಕೊಟ್ಟವರು ಹೊತ್ತನ್ನು ಕೊಂಡಿರುತ್ತಾರೆ. ಎಷ್ಟು ಜೋರು, ಎಷ್ಟು ಹೊತ್ತು, ಯಾವ ಹಾಡು, ಯಾವ ದಿನ ಅನ್ನುವುದು ಅವರ ತೀರ್ಮಾನ. ಇದರಲ್ಲಿ ಅವರ ತಪ್ಪೇನಿದೆ? ನಾವು ಪೇಂಟ್ ಕೊಳ್ಳಲು ಹೋದರೆ ನಮಗೆ ಬೇಕಾದ ಬಣ್ಣವನ್ನೇ ಕೇಳ್ತೇವಲ್ವಾ.

ಅಂಗಡಿ ಇಟ್ಟವರಿಗೆ ಇದು ಇನ್ನೂ ಒಂದು ಸುತ್ತು ಹೆಚ್ಚು ನಾಟುತ್ತದೆ ಅನ್ನಿಸುತ್ತದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅವರ ಬಾಯಲ್ಲಿ ಬರೀ ದರ. ಚೌಕಾಸಿ, ಉದ್ರಿ ಪುಸ್ತಕ, ಹೋಲ್‌ಸೇಲಿನವನ ಬಾಕಿ. ಎದುರಿಗೆ ನಿಂತವರೆಲ್ಲ ಗಿರಾಕಿಗಳೇ. ಆ ಅರ್ಧ ಗಂಟೆ ಮಾತ್ರ ಗಿರಾಕಿ ಇಲ್ಲದ ಹೊತ್ತು. ಅದಕ್ಕೂ ಗಿರಾಕಿ ಬಂದರೆ ದಿನದಲ್ಲಿ ಉಳಿಯುವುದೇನು?

ಹೆಗ್ಗೋಡಿನಲ್ಲಿ ನಡೆದದ್ದು

ಹವ್ಯಾಸ ಅಂದ್ರೆ ಅರೆಬರೆ ಕೆಲಸ, ನಿಜವಾಗಿ ಬಲ್ಲವರು ದುಡ್ಡು ಮಾಡ್ತಾರೆ ಅಂತ ಹೇಳುವವರಿದ್ದಾರೆ. ನಮ್ಮ ತಾಲೂಕಿನವರಂತೂ ಈ ಮಾತು ನಂಬಬೇಕಾಗಿಲ್ಲ. ಪೇಟೆಯಿಂದ ಅರ್ಧ ಗಂಟೆಯೊಳಗಿನ ದಾರಿ ಹೆಗ್ಗೋಡು. 1949ರಲ್ಲಿ ಅಲ್ಲಿನ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯಸಂಘ ಕಟ್ಟಿಕೊಂಡರು. ಅಡಿಕೆ ತೋಟದ ಕೆಲಸ ಮುಗಿಸಿ ಸಂಜೆ ನಾಟಕದ ತಾಲೀಮಿಗೆ ಕೂಡುತ್ತಿದ್ದ ಜನ. ದೇವರ ಹೆಸರಿನ ಆ ಹಳ್ಳಿ ಸಂಘವೇ ನೀನಾಸಂ ಆಯಿತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅಲ್ಲಿ ನಡೆದ ಒಂದು ವಿಷಯವನ್ನು ನಾವು ಗಮನಿಸುವುದು ಕಡಿಮೆ. ತಿರುಗಾಟ ವೃತ್ತಿ ತಂಡ. ನಟರಿಗೆ ಸಂಬಳ ಇದೆ, ಊರೂರು ಸುತ್ತುವ ವೇಳಾಪಟ್ಟಿ ಇದೆ. ಅದು ಬಂದ ಮೇಲೆ ಊರಿನ ಹವ್ಯಾಸಿಗಳು ನಾಟಕ ಬಿಡಲಿಲ್ಲ. ತೋಟದವರು, ಅಂಗಡಿಯವರು, ಮನೆಯ ಹೆಂಗಸರು ಸೇರಿ ತಮ್ಮ ನಾಟಕ ತಾವು ಆಡಿಕೊಂಡೇ ಬಂದರು. ಎರಡೂ ಒಂದೇ ಅಂಗಳದಲ್ಲಿ ಇದ್ದವು, ಆದರೆ ಒಂದರ ನಿಯಮವನ್ನು ಇನ್ನೊಂದರ ಮೇಲೆ ಹೇರಲಿಲ್ಲ.

ಕನ್ನಡ ನಾಟಕದ ಮಟ್ಟಿಗೆ ಈ ಜೋಡಿ ಹಳೆಯದು. ಗುಬ್ಬಿ ಕಂಪನಿ 1884ರಲ್ಲಿ ಶುರುವಾಯಿತು, ಟಿಕೆಟ್ ಮಾರಿ ಬದುಕಬೇಕಾದ ಕಂಪನಿ. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರಲ್ಲಿ ಹುಟ್ಟಿತು. ಕೈಲಾಸಂ ಭೂವಿಜ್ಞಾನ ಓದಿ ಮೈಸೂರು ಸರ್ಕಾರದ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಕಂಪನಿ ನಾಟಕಗಳು ಪುರಾಣ, ದೊಡ್ಡ ಪರದೆ, ಸಂಗೀತದಿಂದ ಜನ ಸೆಳೆಯುತ್ತಿದ್ದ ಕಾಲದಲ್ಲಿ ಮನೆಮಾತಿನ ಕನ್ನಡವನ್ನು, ಇಂಗ್ಲಿಷ್ ಬೆರೆತ ಮಾತನ್ನು ರಂಗಕ್ಕೆ ತಂದದ್ದು ಹವ್ಯಾಸಿಗಳು. ಗಲ್ಲಾಪೆಟ್ಟಿಗೆ ತುಂಬಲೇಬೇಕು ಅಂತ ಇಲ್ಲದ್ದರಿಂದ ಅವರಿಗೆ ಆ ಧೈರ್ಯ ಬಂತು. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಅಂತ ನಾವು ಇವತ್ತಿಗೂ ಎರಡು ಹೆಸರು ಹೇಳ್ತೇವೆ. ಎರಡನೆಯದು ಬೈಗುಳ ಅಲ್ಲ. ಅಮೆಚೂರ್ ಅನ್ನುವ ಪದದ ಬೇರು ಹುಡುಕಿದರೂ ಲ್ಯಾಟಿನ್ನಿನ ಪ್ರೀತಿಸು ಅನ್ನುವ ಧಾತುವಿಗೆ ಹೋಗಿ ಮುಟ್ಟುತ್ತದೆ.

ಹಾಗಾದ್ರೆ ಮಾರುವುದೇ ತಪ್ಪಾ?

ಖಂಡಿತ ಅಲ್ಲ. ಇಲ್ಲಿ ಹಸೆ ಚಿತ್ತಾರದ ಮಾತು ಹೇಳಲೇಬೇಕು.

ನಮ್ಮ ಭಾಗದ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ರುಬ್ಬಿದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕುಂಚಕ್ಕೆ ಪುಂಡಿನಾರು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಚಿತ್ತಾರ ಬರೆದು, ಅದರಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗಿ ಪೂಜೆ ಮಾಡುತ್ತಾರೆ. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟ್ ಬಂದಾಗ ಚಿತ್ತಾರಕ್ಕೆ ಜಾಗವೇ ಇಲ್ಲದಂತಾಯಿತು. ಅದನ್ನು ಕಾಗದಕ್ಕೆ, ಬಟ್ಟೆಗೆ, ಚೌಕಟ್ಟಿಗೆ ತಂದು ಮಾರಲು ಶುರು ಮಾಡಿದ್ದರಿಂದ ಹಲವು ಹೆಣ್ಣುಮಕ್ಕಳ ಕೈಗೆ ಸ್ವಂತ ದುಡ್ಡು ಬಂತು, ಹೊರಗಿನವರಿಗೆ ಈ ಕಲೆಯ ಹೆಸರು ಗೊತ್ತಾಯಿತು. ಅವರಿಗೆ ಹೋಗಿ "ಖುಷಿಗೆ ಬರೀರಿ, ಮಾರಬೇಡಿ" ಅಂತ ಹೇಳುವ ಅಧಿಕಾರ ಹೊಟ್ಟೆ ತುಂಬಿದ ಯಾರಿಗೂ ಇಲ್ಲ.

ಚಿತ್ತಾರ ಬರೆದು ಮಾರುವ ಒಬ್ಬರು ಹೇಳಿದ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಆರ್ಡರಿನ ಚೌಕಟ್ಟಿಗೆ ಅವರು ಅಂಗಡಿಯ ಅಕ್ರಿಲಿಕ್ ಬಣ್ಣ ಬಳಸ್ತಾರೆ, ಬೇಗ ಒಣಗುತ್ತೆ, ಅಳತೆ ಗಿರಾಕಿ ಹೇಳಿದ್ದು. ಭೂಮಿ ಹುಣ್ಣಿಮೆಯ ಬುಟ್ಟಿಗೆ ಮಾತ್ರ ಅಕ್ಕಿ ರುಬ್ಬಿಯೇ ಆಗಬೇಕು. ಅದನ್ನು ಯಾರೋ ಹೆಚ್ಚು ದುಡ್ಡಿಗೆ ಕೇಳಿದರಂತೆ. "ಅದು ಕೊಡೂದಲ್ಲ" ಅಂದರಂತೆ. ಅಷ್ಟೇ. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಂದರೆ ಗೆರೆ ಎಳೆದುಕೊಳ್ಳಲು ಆಗುತ್ತದೆ. ಇಡೀ ಕಲೆಯನ್ನು ಮಾರುಕಟ್ಟೆಗೆ ಇಡಬೇಕು ಅಥವಾ ಪೂರ್ತಿ ಮುಚ್ಚಿಡಬೇಕು ಅಂತೇನಿಲ್ಲ. ಮನೆ ನಡೆಯಬೇಕಾದರೆ ಮಾರಿ, ನಾಚಿಕೆ ಬೇಡ. ಮನೆ ಬೇರೆ ಕಡೆಯಿಂದ ನಡೆಯುತ್ತಿದ್ದು, ಯಾರೋ "ವೇಸ್ಟ್ ಮಾಡ್ತಿದ್ದೀರಿ" ಅಂದರು ಅಂತ ಮಾರಲು ಹೊರಡುವುದಾದರೆ ಒಂದು ವಾರ ತಡೆಯಿರಿ, ಕೆಳಗಿನ ಲೆಕ್ಕ ಹಾಕಿ.

ಕಾಗದ ಪೆನ್ನು ತಗೊಳ್ಳಿ

ನಿಮ್ಮ ಹವ್ಯಾಸಕ್ಕೆ ಒಂದು ಕಾರ್ಯಕ್ರಮಕ್ಕೆ 1,500 ರೂಪಾಯಿ ಕೊಡ್ತಾರೆ ಅಂತಿಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಅಂಕಿ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಮುಹೂರ್ತ ತಡವಾಗಿ ಕಾಯುವುದು ಎರಡು ಗಂಟೆ, ನುಡಿಸುವುದು ಒಂದು ಗಂಟೆ. ಪೆಟ್ರೋಲ್ 200 ಕಳೆಯಿರಿ. 1,300 ರೂಪಾಯಿಗೆ ಐದು ಗಂಟೆ, ಗಂಟೆಗೆ 260. ಅದಕ್ಕಾಗಿ ಮಧ್ಯಾಹ್ನವೇ ಅಂಗಡಿ ಮುಚ್ಚಿದರೆ ಆ ವ್ಯಾಪಾರದ ಲಾಭವನ್ನೂ ಕಳೆಯಬೇಕು. ಕೆಲವರಿಗೆ ಇದು ಒಳ್ಳೆಯ ದುಡ್ಡೇ, ಕೆಲವರಿಗೆ ಕೈಯಿಂದಲೇ ಹೋಗುತ್ತೆ. ಹಾಕಿ ನೋಡದೆ ಗೊತ್ತಾಗಲ್ಲ.

ಮಗ ಹೇಳುವ ಯೂಟ್ಯೂಬ್ ಲೆಕ್ಕ ಇನ್ನೂ ಬಿಗಿ. ಜಾಹೀರಾತಿನ ಪಾಲು ಸಿಗಬೇಕಾದರೆ ಸಾಮಾನ್ಯ ವಿಡಿಯೊಗಳಿಗೆ 1,000 ಚಂದಾದಾರರು ಬೇಕು, ಜೊತೆಗೆ ಹನ್ನೆರಡು ತಿಂಗಳಲ್ಲಿ ಜನ ನೋಡಿದ ಹೊತ್ತು 4,000 ಗಂಟೆ ಆಗಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬರು ಸರಾಸರಿ ನಾಲ್ಕು ನಿಮಿಷ ನೋಡ್ತಾರೆ ಅಂದರೂ 60,000 ಸಲ ಯಾರಾದರೂ ನಿಮ್ಮ ವಿಡಿಯೊ ತೆರೆಯಬೇಕು. ಅಲ್ಲಿಗೆ ಬಾಗಿಲು ತೆರೆಯುವುದು ಅಷ್ಟೇ, ದುಡ್ಡು ಆಮೇಲೆ. ಅಷ್ಟು ನೋಟ ಬರಬೇಕಾದರೆ ಮದ್ದಳೆ ಬಾರಿಸುವ ಹೊತ್ತಿಗಿಂತ ಎಡಿಟಿಂಗ್, ಥಂಬ್‌ನೇಲ್ ಮಾಡುವ ಹೊತ್ತೇ ಹೆಚ್ಚಾಗುತ್ತದೆ. ಅದು ಇಷ್ಟ ಅಂದ್ರೆ ಮಾಡಿ, ಅದೂ ಒಂದು ಹವ್ಯಾಸವೇ.

ಅಂಗಡಿಯವರು ಮರೆಯಬಾರದ ಇನ್ನೊಂದು ವಿಷಯ ಜಿಎಸ್‌ಟಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಬೋರ್ಡ್ ಹಾಕಿದ್ದು ನೆನಪಿರಬಹುದು. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಇದು ಹೆಚ್ಚಿನವರಿಗೆ ಗೊತ್ತು. ಆದರೆ ಆ 40 ಲಕ್ಷದ ಅವಕಾಶ ಸರಕು ಮಾತ್ರ ಮಾರುವವರಿಗೆ ಇರುವಂಥದ್ದು. 28 ಲಕ್ಷ ವಹಿವಾಟಿನ ಅಂಗಡಿಯವರು ಹವ್ಯಾಸದ ಕ್ಯಾಮೆರಾ ಹಿಡಿದು ಮದುವೆ ಫೋಟೊಗೆ ಬಿಲ್ ಮಾಡಲು ಶುರು ಮಾಡಿದರೆ ಅವರು ಸರಕು, ಸೇವೆ ಎರಡೂ ಕೊಡುವವರಾದರು. ಆಗ 20 ಲಕ್ಷದ ಮಿತಿ ಲೆಕ್ಕಕ್ಕೆ ಬರುತ್ತದೆ. ಒಂದೇ ಪ್ಯಾನ್ ಇರುವುದರಿಂದ ಅಂಗಡಿ ಬೇರೆ, ಫೋಟೊ ಬೇರೆ ಅನ್ನುವ ಮಾತು ನಡೆಯುವುದಿಲ್ಲ. ನಾಲ್ಕು ಮದುವೆ ಫೋಟೊದ ದುಡ್ಡಿಗೆ ಇಡೀ ಅಂಗಡಿ ನೋಂದಣಿಗೆ ಬೀಳಬಹುದು. ಮೊದಲ ಬಿಲ್ ಬರೆಯುವ ಮುಂಚೆ ನಿಮ್ಮ ಆಡಿಟರ್ ಹತ್ತಿರ ಒಂದು ಮಾತು ಕೇಳಿಬಿಡಿ.

ಅಪ್ಪೆಮಿಡಿ ಉಪ್ಪಿನಕಾಯಿ, ಕೇಕು, ಚಕ್ಕುಲಿಯವರಿಗೂ ಹಾಗೆ. ನೆಂಟರಿಗೆ, ಅಕ್ಕಪಕ್ಕದವರಿಗೆ ಹಂಚುವವರೆಗೆ ಅದು ನಿಮ್ಮ ಮನೆ ವಿಷಯ. ಮಾರಲು ಶುರು ಮಾಡಿದರೆ, ಮನೆಯ ಅಡುಗೆಮನೆಯಿಂದಲೇ ಆದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದೇನು ಕಷ್ಟದ ಕೆಲಸ ಅಲ್ಲ, ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ಆ ಕ್ಷಣದಿಂದ ಜಾಡಿಯ ಬಾಯಿ ಸರಿಯಾಗಿ ಮುಚ್ಚಿದೆಯಾ, ಬೂಸು ಬಂದರೆ ಯಾರು ಜವಾಬ್ದಾರಿ ಅನ್ನುವುದು ನಿಮ್ಮ ನಿದ್ದೆಯೊಳಗೆ ಬರುತ್ತದೆ. ನೆಂಟರಿಗೆ ಕೊಟ್ಟ ಮಿಡಿ ಮೆತ್ತಗಾದರೆ ನಗ್ತಾರೆ. ಗಿರಾಕಿ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಡ್ತಾನೆ.

ಇಷ್ಟೆಲ್ಲ ಕೂಡಿಸಿ ಕಳೆದ ಮೇಲೆ ದುಡ್ಡಿನಲ್ಲಿ ಹಿಡಿಯಲಾಗದ ಒಂದು ಸಾಲು ಉಳಿಯುತ್ತದೆ. ಯಾರೂ ದುಡ್ಡು ಕೊಡದಿದ್ದರೆ, ಯಾರೂ ಲೈಕ್ ಒತ್ತದಿದ್ದರೆ, ಬರುವ ವರ್ಷ ಇದೇ ಹೊತ್ತಿಗೆ ನೀವು ಇದನ್ನು ಮಾಡ್ತಿರ್ತೀರಾ? ಹೌದು ಅನ್ನುವುದಾದರೆ ನಿಮ್ಮ ಹತ್ತಿರ ಇರುವುದು ಸುಲಭಕ್ಕೆ ಸಿಗುವಂಥದ್ದಲ್ಲ. ಅದಕ್ಕೆ ಗಿರಾಕಿಯನ್ನು ಕರೆಯುವ ಮುಂಚೆ ಸ್ವಲ್ಪ ನಿಧಾನ ಇರಲಿ.

ದರ ಕೇಳಿದವರಿಗೆ ಏನು ಹೇಳೋದು ಅನ್ನುವುದು ಕೆಲವರ ಸಂಕಟ. ಸ್ನೇಹಿತರ ಮನೆ ಗೃಹಪ್ರವೇಶ, ಬರಲ್ಲ ಅನ್ನಲು ದಾಕ್ಷಿಣ್ಯ. ಹಾರ್ಡ್‌ವೇರ್ ಅಂಗಡಿಯವರು ಈಗ ಒಂದು ದಾರಿ ಮಾಡಿಕೊಂಡಿದ್ದಾರೆ. ಹತ್ತಿರದವರು ಕರೆದರೆ ದುಡ್ಡಿಲ್ಲದೆ ಹೋಗ್ತಾರೆ, ವರ್ಷಕ್ಕೆ ಮೂರು ಮನೆಗೆ ಮಾತ್ರ. ದುಡ್ಡು ಕೊಡ್ತೇವೆ ಅನ್ನುವವರಿಗೆ ವೃತ್ತಿಪರ ಮದ್ದಳೆಗಾರರ ನಂಬರ್ ಕೊಡ್ತಾರೆ. "ಅವರ ಅನ್ನ ಅದು. ನಾನು ಕಡಿಮೆ ರೇಟಿಗೆ ಹೋಗಿ ಅವರ ಹೊಟ್ಟೆ ಮೇಲೆ ಯಾಕೆ ಹೊಡೀಲಿ?" ಈ ಮಾತನ್ನು ನಾವು ಯೋಚಿಸಿಯೇ ಇರಲಿಲ್ಲ. ಹವ್ಯಾಸಿಗಳು ಅರ್ಧ ದರಕ್ಕೆ ಒಪ್ಪಿಕೊಂಡಾಗ ಪೆಟ್ಟು ಬೀಳುವುದು ಅದನ್ನೇ ನಂಬಿದ ಕಲಾವಿದರಿಗೆ. ಫೋಟೊ, ಮೆಹಂದಿ, ಕೇಕು, ಎಲ್ಲದರಲ್ಲೂ ಇದು ನಡೀತಿದೆ.

ಮಕ್ಕಳಿಗೆ ಕ್ಲಾಸ್? ಅದೂ ಇಲ್ಲ. ಆದರೆ ಪಕ್ಕದ ಬೇಕರಿಯ ಹುಡುಗನೊಬ್ಬ ರಾತ್ರಿ ಶಟರ್ ಕೆಳಗಿಂದ ನುಸುಳಿ ಬಂದು ಕೂರ್ತಾನೆ. ಫೀಸಿಲ್ಲ. ಬರುವಾಗ ಎರಡು ಬನ್ ತರ್ತಾನೆ, ಯಾರೂ ತಾ ಅಂತ ಹೇಳಿದ್ದಲ್ಲ.

ನಾವು ಹೋದ ದಿನ ಜೋರು ಮಳೆ. ತೇವಕ್ಕೆ ಚರ್ಮ ಸಡಿಲವಾಗಿ ಮದ್ದಳೆ ಶ್ರುತಿಗೆ ಕೂರುತ್ತಿರಲಿಲ್ಲ. ಅರವತ್ತು ವ್ಯಾಟಿನ ಹಳೇ ಬಲ್ಬಿನ ಕೆಳಗೆ ಅದನ್ನಿಟ್ಟು, ಬಿಸಿಯಾಗುವವರೆಗೆ ನಮಗೆ ಚಹಾ ಕೊಟ್ಟರು. ಹೊರಗೆ ಯಾರೋ ಶಟರ್ ತಟ್ಟಿ, ಅರ್ಧ ಇಂಚಿನ ನಲ್ಲಿ ಇದೆಯಾ ಅಂತ ಕೇಳಿದರು. "ಬೆಳಿಗ್ಗೆ ಬನ್ನಿ" ಅಂತ ಒಳಗಿಂದಲೇ ಕೂಗಿ, ಮದ್ದಳೆಯನ್ನು ತೊಡೆಯ ಮೇಲೆ ಎಳೆದುಕೊಂಡು ಬಲಗೈಯಿಂದ ಒಂದು ಸಲ ಮುಟ್ಟಿ ನೋಡಿದರು. ಇನ್ನೂ ಸರಿ ಕೂತಿರಲಿಲ್ಲ. ಮತ್ತೆ ಬಲ್ಬಿನ ಕೆಳಗೆ ಇಟ್ಟರು.